ಎರಡನೆಯ ದನಿಯ ತಾಲೀಮು: ಶಾಲೆಯಲ್ಲಿ ಹಿಂಸೆ ತಡೆಯಲು ದ್ಯೂತಸಭೆಯ ದೃಶ್ಯ ಮತ್ತು ಪಾತ್ರಾಭಿನಯವನ್ನು ಬಳಸುವ ಸಮಗ್ರ ಮಾರ್ಗದರ್ಶಿ

"ಗೇಲಿ, ಹೊಡೆದಾಟದ ವಿರುದ್ಧ ಕಿರುನಾಟಕ ಮಾಡಿಸಿದೆವು, ಮಕ್ಕಳು ಚೆನ್ನಾಗಿಯೇ ಮಾಡಿದರು, ಆದರೆ ಮರುವಾರ ಅದೇ ಹುಡುಗನ ಚೀಲ ಮತ್ತೆ ಚರಂಡಿಯಲ್ಲಿ ಸಿಕ್ಕಿತು." ಪ್ರೌಢಶಾಲೆಯ ಶಿಕ್ಷಕರಿಂದ ಈ ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ವಿಚಾರಿಸಿದಾಗ ಹೆಚ್ಚಿನ ಕಡೆ ನಡೆದಿರುವುದು ಒಂದೇ ಬಗೆಯದು. ಶಾಲೆಯಲ್ಲಿ ಇತ್ತೀಚೆಗೆ ನಡೆದ ಜಗಳವನ್ನೇ ನೇರವಾಗಿ ಅಭಿನಯಿಸಲು ಹೇಳಲಾಗಿರುತ್ತದೆ; ತರಗತಿಯ ಗಟ್ಟಿಗನಿಗೆ ಪೀಡಕನ ಪಾತ್ರ, ಮೆತ್ತಗಿನವನಿಗೆ ಪೀಡಿತನ ಪಾತ್ರ ಸಿಕ್ಕಿರುತ್ತದೆ; ಹೊಡೆಯುವ ದೃಶ್ಯ ಚೆನ್ನಾಗಿ ಬರಲೆಂದು ನಾಲ್ಕಾರು ಬಾರಿ ತಾಲೀಮು ನಡೆದಿರುತ್ತದೆ; ಕೊನೆಯಲ್ಲಿ ಮುಖ್ಯೋಪಾಧ್ಯಾಯರ ಪಾತ್ರಧಾರಿ ಬಂದು ಬುದ್ಧಿ ಹೇಳಿರುತ್ತಾನೆ. ಹೀಗಾದಾಗ ಮಕ್ಕಳ ಮೈಗೆ ಅಭ್ಯಾಸವಾಗುವುದು ಹೊಡೆಯುವುದೇ ಹೊರತು ತಡೆಯುವುದಲ್ಲ.

ಕೆಳಗಿನ ವಿಧಾನ 8ರಿಂದ 10ನೇ ತರಗತಿಯ ಮಕ್ಕಳಿಗಾಗಿ ರೂಪಿಸಿದ್ದು. ಇದಕ್ಕೆ 40 ನಿಮಿಷದ ಆರು ಅವಧಿಗಳು ಬೇಕು; ವಾರಕ್ಕೆ ಎರಡರಂತೆ ಮೂರು ವಾರಗಳಲ್ಲಿ ಮುಗಿಸಬಹುದು. ಮೊದಲು ದೂರದ ಹಳೆಯ ದೃಶ್ಯ (ಇಲ್ಲಿ ಮಹಾಭಾರತದ ದ್ಯೂತಸಭೆ), ಆಮೇಲೆ ಹತ್ತಿರದ ಇಂದಿನ ಸನ್ನಿವೇಶ ಎಂಬ ಕ್ರಮವನ್ನು ಯಾವ ಕಾರಣಕ್ಕೂ ತಲೆಕೆಳಗು ಮಾಡಬಾರದು. ಅಮೆರಿಕದ ಕೊಲೊರಾಡೊ ಶೇಕ್ಸ್‌ಪಿಯರ್ ಉತ್ಸವದ ಕಲಾವಿದರು ಅಲ್ಲಿನ ವಿಶ್ವವಿದ್ಯಾಲಯದ ಹಿಂಸಾ ತಡೆ ಅಧ್ಯಯನ ಕೇಂದ್ರದೊಂದಿಗೆ ಸೇರಿ 2011ರಿಂದ ಶಾಲೆಗಳಲ್ಲಿ ನಡೆಸುತ್ತಿರುವ ಕಾರ್ಯಕ್ರಮವೂ ಇದೇ ಕ್ರಮದ್ದು: ಮೊದಲು ಸಂಕ್ಷಿಪ್ತಗೊಳಿಸಿದ ನಾಟಕ, ನಂತರ ಸಣ್ಣ ಗುಂಪುಗಳಲ್ಲಿ ಪಾತ್ರಾಭಿನಯ. ಹಳೆಯ ಕಥೆಯಲ್ಲಿ ಯಾರ ಹೆಸರೂ ಹೊರಬೀಳುವ ಭಯವಿಲ್ಲದ ಕಾರಣ ಮಕ್ಕಳು ಸತ್ಯ ಮಾತನಾಡುತ್ತಾರೆ. ಹಾಗೆ ಮಾತನಾಡಿ ರೂಢಿಯಾದ ಬಾಯಿ ಮುಂದೆ ತಮ್ಮದೇ ಅಂಗಳದ ವಿಷಯಕ್ಕೂ ತೆರೆಯುತ್ತದೆ.

ಬೇಕಾಗುವ ಸಾಮಗ್ರಿ

ಎರಡು ಶಲ್ಯ, ಒಂದು ಖಾಲಿ ಕುರ್ಚಿ, ಸೀಮೆಸುಣ್ಣ, ಒಂದು ಕೈಗಂಟೆ ಅಥವಾ ತಾಳ, ಬೀಗ ಹಾಕಬಹುದಾದ ಚೀಟಿ ಪೆಟ್ಟಿಗೆ ಮತ್ತು ಶಿಕ್ಷಕರಿಗೊಂದು ನೋಟ್‌ಬುಕ್ ಇದ್ದರೆ ಸಾಕು. ಕಿರೀಟ, ಗದೆ, ಬಣ್ಣ, ಮೈಕು ಯಾವುದೂ ಬೇಡ. ಗದೆ ಕೈಗೆ ಬಂದ ಕೂಡಲೇ ಹದಿನಾಲ್ಕರ ಹುಡುಗರ ಗಮನವೆಲ್ಲ ಗದೆಯ ಮೇಲೇ ನಿಲ್ಲುತ್ತದೆ. ಬೆಂಚುಗಳನ್ನು ಗೋಡೆಗೆ ಸರಿಸಿದ ತರಗತಿಯ ಕೋಣೆ ಸಭಾಂಗಣಕ್ಕಿಂತ ಮೇಲು, ಏಕೆಂದರೆ ವೇದಿಕೆಯ ಎತ್ತರ ಬಂದರೆ ನೋಡುವವರು ಬೇರೆ, ಆಡುವವರು ಬೇರೆ ಆಗಿಬಿಡುತ್ತಾರೆ.

ಹಂತ 1: ನಾಟಕಕ್ಕೆ ಮುಂಚೆ ನೆರವಿನ ದಾರಿಯನ್ನು ಸಿದ್ಧಪಡಿಸಿ

ಈ ಹಂತವನ್ನು ಬಹಳಷ್ಟು ಜನ ಬಿಟ್ಟುಬಿಡುತ್ತಾರೆ. ಹಿಂಸೆಯ ದೃಶ್ಯವನ್ನು ತರಗತಿಯಲ್ಲಿ ತೆರೆದಿಟ್ಟ ಮೇಲೆ ಯಾವುದಾದರೂ ಒಂದು ಮಗು ತನ್ನ ಮನೆಯ ಅಥವಾ ಹಾಸ್ಟೆಲ್ಲಿನ ಸಂಗತಿಯನ್ನು ಹೇಳಿಕೊಳ್ಳುವ ಸಾಧ್ಯತೆ ಹೆಚ್ಚು. ಹಾಗೆ ಹೇಳಿಕೊಂಡಾಗ ಯಾರು ಕೇಳಿಸಿಕೊಳ್ಳಬೇಕು, ಎಲ್ಲಿ ಕುಳಿತು ಕೇಳಬೇಕು, ಮುಂದೆ ಯಾರಿಗೆ ತಿಳಿಸಬೇಕು ಎಂಬುದನ್ನು ಮುಖ್ಯೋಪಾಧ್ಯಾಯರೊಂದಿಗೆ ಕುಳಿತು ಮೊದಲೇ ತೀರ್ಮಾನಿಸಿಕೊಳ್ಳಿ. ಒಬ್ಬ ಶಿಕ್ಷಕಿ ಮತ್ತು ಒಬ್ಬ ಶಿಕ್ಷಕ ಈ ಹೊಣೆ ಹೊರುವುದು ಒಳ್ಳೆಯದು.

ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ನೆರವಿನ ಟೆಲಿ ಮಾನಸ್ 14416, ಈ ಎರಡು ಸಂಖ್ಯೆಗಳನ್ನು ಮೊದಲ ದಿನವೇ ಕಪ್ಪು ಹಲಗೆಯ ಮೂಲೆಯಲ್ಲಿ ಬರೆದು ಮೂರು ವಾರವೂ ಅಳಿಸದೆ ಬಿಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಅದು ಶಾಲೆಯೊಳಗೆ ಮಾತನಾಡಿ ಮುಗಿಸುವ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಂಥ ಅಪರಾಧ ನಡೆದಿರುವುದು ತಿಳಿದವರು, ನಡೆಯಬಹುದೆಂಬ ಆತಂಕವಿರುವವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು 21ನೇ ಸೆಕ್ಷನ್ ಪ್ರಕಾರ ಶಿಕ್ಷಾರ್ಹ. ಆದ್ದರಿಂದ "ಯಾರಿಗೂ ಹೇಳುವುದಿಲ್ಲ" ಎಂದು ಯಾವ ಮಗುವಿಗೂ ಮಾತು ಕೊಡಬೇಡಿ. "ನಿನ್ನನ್ನು ಸುರಕ್ಷಿತವಾಗಿಡಲು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳುತ್ತೇನೆ" ಎನ್ನಿ.

ಇನ್ನೊಂದು ಮಾತನ್ನು ಬಿಚ್ಚಿ ಹೇಳಲೇಬೇಕು. ಬೆತ್ತ ಹಿಡಿದ ಕೈಯಿಂದ ಈ ಕೆಲಸ ಸಾಗುವುದಿಲ್ಲ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮಕ್ಕಳು ಕಾಯ್ದೆಯನ್ನು ಓದಿರುವುದಿಲ್ಲ, ಆದರೆ ಕಳೆದ ಸೋಮವಾರ ಯಾರ ಕಿವಿ ಹಿಂಡಲಾಯಿತು ಎಂಬುದು ಅವರೆಲ್ಲರ ನೆನಪಿನಲ್ಲಿರುತ್ತದೆ.

ಹಂತ 2: ದೃಶ್ಯವನ್ನು ಆರಿಸಿ, ಎಲ್ಲಿ ನಿಲ್ಲಿಸಬೇಕೆಂದು ಗುರುತು ಹಾಕಿಕೊಳ್ಳಿ

ಒಳ್ಳೆಯ ದೃಶ್ಯವೆಂದರೆ ಹೊಡೆಯುವವನಿಗಿಂತ ನೋಡುವವರು ಹೆಚ್ಚು ಜನ ಇರುವ ದೃಶ್ಯ. ಶಾಲೆಯ ಹಿಂಸೆ ನಡೆಯುವುದೂ ಹೀಗೆಯೇ: ಒಬ್ಬ ಮಾಡುತ್ತಾನೆ, ಒಬ್ಬ ಅನುಭವಿಸುತ್ತಾನೆ, ಹತ್ತು ಮಂದಿ ನೋಡುತ್ತಾರೆ. ಫಿನ್ಲೆಂಡಿನ ಸಂಶೋಧಕಿ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ಈ ಜನರನ್ನು ಆರು ಬಗೆಯಾಗಿ ವಿಂಗಡಿಸಿದರು: ಪೀಡಕ, ಪೀಡಿತ, ಪೀಡಕನ ಕೈಯಾಳು, ನಕ್ಕು ಹುರಿದುಂಬಿಸುವವನು, ತನಗೆ ಸಂಬಂಧವಿಲ್ಲವೆಂದು ದೂರ ಸರಿಯುವವನು, ಪೀಡಿತನ ಪರ ನಿಲ್ಲುವವನು. ಈ ಪಟ್ಟಿಯನ್ನು ಓದಿದಾಗ ಮಹಾಭಾರತದ ಸಭಾಪರ್ವವನ್ನು ಬಲ್ಲ ಯಾರಿಗೂ ದ್ಯೂತಸಭೆ ಕಣ್ಣಮುಂದೆ ಬಾರದಿರದು. ದುರ್ಯೋಧನ, ಅವನ ಕೈಯಾಳಾದ ದುಃಶಾಸನ, ನಕ್ಕು ಮೂದಲಿಸುವ ಕರ್ಣ, ಧರ್ಮ ಸೂಕ್ಷ್ಮವೆಂದು ಹೇಳಿ ಸುಮ್ಮನಾಗುವ ಭೀಷ್ಮ, ತಲೆ ತಗ್ಗಿಸಿದ ದ್ರೋಣ, ಎದ್ದು ನಿಲ್ಲುವ ವಿಕರ್ಣ. ಆರೂ ಬಗೆಯವರು ಒಂದೇ ಸಭೆಯಲ್ಲಿದ್ದಾರೆ. ಅದೂ ಅಲ್ಲದೆ ನಮ್ಮ ಮಕ್ಕಳಿಗೆ ಈ ಕಥೆಯನ್ನು ಮೊದಲಿಂದ ವಿವರಿಸುವ ಅಗತ್ಯವಿರುವುದಿಲ್ಲ, ಟಿ.ವಿ. ಧಾರಾವಾಹಿಯಿಂದಲೋ ಊರ ಬಯಲಾಟದಿಂದಲೋ ತಿಳಿದೇ ಇರುತ್ತದೆ.

ನಾನು ಈ ದೃಶ್ಯವನ್ನು ಆರಿಸಿಕೊಂಡದ್ದು ವಿಕರ್ಣನಿಗಾಗಿ. ಅವನು ದುರ್ಯೋಧನನ ಸ್ವಂತ ತಮ್ಮ. ದ್ರೌಪದಿಯ ಪ್ರಶ್ನೆಗೆ ಹಿರಿಯರಾರೂ ಉತ್ತರಿಸದಿದ್ದಾಗ ಎದ್ದು ನಿಂತು, ಅವಳನ್ನು ಪಣವಾಗಿ ಗೆದ್ದದ್ದು ಸಲ್ಲದು ಎನ್ನುತ್ತಾನೆ. ಆಗ ಸಭೆಯೇ ಅವನನ್ನು ಹೊಗಳಿ ಗದ್ದಲವೆಬ್ಬಿಸುತ್ತದೆ. ಅಷ್ಟರಲ್ಲಿ ಕರ್ಣ ಗದರುತ್ತಾನೆ: ನೀನಿನ್ನೂ ಎಳೆಯ, ಹಿರಿಯರ ನಡುವೆ ನಿನ್ನದೇನು ಮಾತು ಎಂದು. ಮೆಚ್ಚಿ ಗದ್ದಲವೆಬ್ಬಿಸಿದ ಅದೇ ಸಭೆ ಆ ಗಳಿಗೆಯಲ್ಲಿ ಅವನ ಪಕ್ಕಕ್ಕೆ ಬಂದು ನಿಲ್ಲುವುದಿಲ್ಲ. ವಿದುರ ವಿಕರ್ಣನ ಮಾತನ್ನು ಎತ್ತಿಹಿಡಿಯುತ್ತಾನೆ, ಆದರೆ ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ. ಅಂದರೆ ಆ ಸಭೆಯಲ್ಲಿ ಮೊದಲನೆಯ ದನಿ ಇತ್ತು. ಕೆಟ್ಟದ್ದು ಎರಡನೆಯ ದನಿ ಸಕಾಲದಲ್ಲಿ ಏಳದ್ದರಿಂದ. ತರಗತಿಗಳಲ್ಲಿಯೂ ಹೀಗೆಯೇ ಆಗುತ್ತದೆ. ಯಾರೋ ಒಬ್ಬಳು "ಬಿಡ್ರೋ ಅವನನ್ನ" ಎನ್ನುತ್ತಾಳೆ, ಅವಳನ್ನು ಗದರುತ್ತಾರೆ, ಅವಳು ಕೂರುತ್ತಾಳೆ. ಈ ಆರು ಅವಧಿಗಳ ಗುರಿ ಆ ಎರಡನೆಯ ದನಿಯನ್ನು ಪಳಗಿಸುವುದು.

ದೃಶ್ಯವನ್ನು ದುರ್ಯೋಧನನ ದೂತ ಪ್ರಾತಿಕಾಮಿ ದ್ರೌಪದಿಯ ಬಳಿಗೆ ಹೋಗುವಲ್ಲಿಂದ ಆರಂಭಿಸಿ, ಕರ್ಣ ವಿಕರ್ಣನನ್ನು ಗದರುವಲ್ಲಿಗೆ ನಿಲ್ಲಿಸಬೇಕು. ಸೆರಗಿಗೆ ಕೈ ಹಾಕುವ ಭಾಗ ಬೇಡವೇ ಬೇಡ. ಅದನ್ನು ಮಕ್ಕಳಿಂದ ಆಡಿಸುವುದು ಸ್ವತಃ ಒಂದು ಹಿಂಸೆ. ಅಕ್ಷಯ ವಸ್ತ್ರದ ಪವಾಡದವರೆಗೂ ಹೋಗಬೇಡಿ, ಏಕೆಂದರೆ ಕೃಷ್ಣ ಬಂದ ಕ್ಷಣವೇ ಸಭಾಸದರ ಹೊಣೆ ಮಕ್ಕಳ ಮನಸ್ಸಿನಿಂದ ಜಾರಿಹೋಗುತ್ತದೆ. ಭೀಮನ ಪ್ರತಿಜ್ಞೆಯನ್ನೂ ಬಿಡಿ. ಅದು ಹುಡುಗರಿಗೆ ಬಲು ಇಷ್ಟದ ಭಾಗ, ಮತ್ತು ತೊಡೆ ಮುರಿಯುವ ಸೇಡೇ ಪರಿಹಾರವೆಂಬ ಪಾಠವನ್ನು ಅದು ನಿಮ್ಮ ಆರು ಅವಧಿಗಳಿಗಿಂತ ಬೇಗ ಕಲಿಸಿಬಿಡುತ್ತದೆ.

ಇಂಗ್ಲಿಷ್ ಮಾಧ್ಯಮದ ತರಗತಿಯಾಗಿದ್ದರೆ ಶೇಕ್ಸ್‌ಪಿಯರನ 'ಟ್ವೆಲ್ತ್ ನೈಟ್' ನಾಟಕದಲ್ಲಿ ಮನೆಯ ಮೇಲ್ವಿಚಾರಕ ಮಾಲ್ವೋಲಿಯೊವನ್ನು ಗೋಳುಹೊಯ್ದುಕೊಳ್ಳುವ ಭಾಗ ಹೊಂದುತ್ತದೆ. ಒಡತಿಯ ಕೈಬರಹವನ್ನು ಹೋಲುವ ಸುಳ್ಳು ಪತ್ರವೊಂದನ್ನು ಅವನ ದಾರಿಯಲ್ಲಿ ಬೀಳಿಸುತ್ತಾರೆ. ಅದನ್ನು ನಂಬಿ ಹಳದಿ ಕಾಲುಚೀಲ ತೊಟ್ಟು ಬಂದವನನ್ನು ಹುಚ್ಚನೆಂದು ಕತ್ತಲೆ ಕೋಣೆಗೆ ತಳ್ಳುತ್ತಾರೆ. ಮೊಬೈಲಿನಲ್ಲಿ ಸುಳ್ಳು ಖಾತೆ ತೆರೆದು ಒಬ್ಬರನ್ನು ಮೂರ್ಖರನ್ನಾಗಿಸುವ ಇಂದಿನ ಆಟಕ್ಕೂ ಇದಕ್ಕೂ ಇರುವ ನಂಟನ್ನು ಮಕ್ಕಳೇ ಗುರುತಿಸುತ್ತಾರೆ.

ಹಂತ 3: ನಿಯಮಗಳನ್ನು ಹೇಳಿ, ಪಾತ್ರಗಳನ್ನು ಹಂಚಿ (ಮೊದಲ ಅವಧಿ)

ನಿಯಮ ಮೂರೇ ಇರಲಿ. ಯಾರೂ ಯಾರನ್ನೂ ಮುಟ್ಟುವಂತಿಲ್ಲ. ತರಗತಿಯ ಅಥವಾ ಶಾಲೆಯ ಯಾರ ಹೆಸರನ್ನೂ, ಅಡ್ಡಹೆಸರನ್ನೂ ದೃಶ್ಯದೊಳಗೆ ತರುವಂತಿಲ್ಲ. ಯಾರೇ "ಸಾಕು" ಎಂದರೂ ಆಟ ಅಲ್ಲಿಗೇ ನಿಲ್ಲುತ್ತದೆ, ಏಕೆಂದು ಕೇಳುವಂತಿಲ್ಲ. ಮೂರನೆಯ ನಿಯಮವನ್ನು ಬಾಯಲ್ಲಿ ಹೇಳಿದರೆ ಸಾಲದು. ಎಲ್ಲರೂ ಕೋಣೆಯ ತುಂಬ ಓಡಾಡುತ್ತಿರುವಾಗ ಒಬ್ಬೊಬ್ಬರಾಗಿ "ಸಾಕು" ಎನ್ನುವುದು, ಉಳಿದವರು ತಕ್ಷಣ ನಿಲ್ಲುವುದು, ಹೀಗೆ ಐದು ನಿಮಿಷ ಆಡಿಸಿ. ದಿನವೂ ಮೆಲುದನಿಯಲ್ಲಿ ಮಾತನಾಡುವ ಮಗುವಿನ ಒಂದು ಮಾತಿಗೆ ನಲವತ್ತು ಜನ ನಿಲ್ಲುವುದನ್ನು ಆ ಮಗು ಅನುಭವಿಸಬೇಕು.

ಪಾತ್ರಗಳನ್ನು ಚೀಟಿ ಎತ್ತಿಯೇ ಹಂಚಿ. "ನೀನು ದಪ್ಪಗಿದ್ದೀಯ, ನೀನೇ ಭೀಮ" ಎನ್ನುವ ಹಂಚಿಕೆ ನಿಲ್ಲಲಿ. ಪೀಡಕನೆಂದು ಹೆಸರಾದ ಹುಡುಗನಿಗೆ ಪಾಠ ಕಲಿಸಲೆಂದು ಪೀಡಿತನ ಪಾತ್ರ ಕೊಡುವುದೂ ತಪ್ಪು. ಅದು ಎಲ್ಲರೆದುರು ಕೊಡುವ ಶಿಕ್ಷೆಯಾಗುತ್ತದೆ, ಅದರ ಬಡ್ಡಿಯನ್ನು ಶಾಲೆ ಬಿಟ್ಟ ಮೇಲೆ ಬೇರೆ ಯಾರೋ ತೆರಬೇಕಾಗುತ್ತದೆ.

ದ್ರೌಪದಿಯ ಪಾತ್ರವನ್ನು ಯಾವ ಮಗುವಿಗೂ ಕೊಡಬೇಡಿ. ಕೋಣೆಯ ನಡುವೆ ಖಾಲಿ ಕುರ್ಚಿಯನ್ನಿಟ್ಟು ಅದರ ಮೇಲೆ ಶಲ್ಯವನ್ನು ಹೊದಿಸಿ. ಅವಳ ಪ್ರಶ್ನೆಯನ್ನು, "ಅವನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ?" ಎಂಬುದನ್ನು, ಇಡೀ ತರಗತಿ ಒಟ್ಟಾಗಿ ಹೇಳಲಿ.

ಈ ಎಚ್ಚರವನ್ನು ನಾನು ಕಲಿತದ್ದು ಒಂದು ಮಗುವಿಗೆ ನೋವು ಮಾಡಿಯೇ. ಬಹಳ ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ನಾನು ಆದಿಪರ್ವದ ಅಸ್ತ್ರಪರೀಕ್ಷೆಯ ದೃಶ್ಯವನ್ನು ಆಡಿಸಿದೆ. ಕೃಪ ಕುಲವನ್ನು ಕೇಳುವುದು, ಸಾರಥಿ ಅಧಿರಥ ಬರುವುದು, ಭೀಮ ಕರ್ಣನಿಗೆ ಚಾವಟಿ ಹಿಡಿ ಎಂದು ಅಣಕಿಸುವುದು. ಕರ್ಣನ ಪಾತ್ರವನ್ನು ಕಂಠ ಚೆನ್ನಾಗಿದೆಯೆಂದು ಒಬ್ಬ ಹುಡುಗನಿಗೆ ಕೊಟ್ಟೆ. ಅವನ ತಂದೆ ಆಟೊ ಓಡಿಸುತ್ತಿದ್ದರು. ನಾನು ವಿಚಾರಿಸಿರಲಿಲ್ಲ, ತರಗತಿಗೆ ಮಾತ್ರ ಗೊತ್ತಿತ್ತು. ಮೂರು ದಿನಗಳ ಬಳಿಕ ಅವನ ಡೆಸ್ಕಿನ ಮೇಲೆ ಕಂಪಾಸಿನ ಮೊನೆಯಲ್ಲಿ ಒಂದು ಚಾವಟಿಯ ಚಿತ್ರ ಕೊರೆದಿತ್ತು. ಅವನು ಅದರ ಮೇಲೆ ಗಣಿತದ ಪುಸ್ತಕವನ್ನು ಅಡ್ಡ ಇಟ್ಟುಕೊಂಡು ಕುಳಿತಿದ್ದ, ಪಾಠ ಬದಲಾದರೂ ಪುಸ್ತಕವನ್ನು ತೆಗೆಯಲಿಲ್ಲ. ಪೀಡಿತನ ಜಾಗದಲ್ಲಿ ಅಂದಿನಿಂದ ನಾನು ಯಾವ ಮಗುವನ್ನೂ ನಿಲ್ಲಿಸಿಲ್ಲ.

ಹಂತ 4: ದೃಶ್ಯವನ್ನು ಆಡಿಸಿ (ಎರಡನೆಯ ಅವಧಿ)

ಬಾಯಿಪಾಠ ಮಾಡಿಸಬೇಡಿ. ತಾಳಮದ್ದಲೆಯ ರೀತಿ ಇಲ್ಲಿ ಬಹಳ ಉಪಯುಕ್ತ: ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ತಮ್ಮದೇ ಮಾತಿನಲ್ಲಿ ಅರ್ಥ ಹೇಳುತ್ತಾರೆ, ವೇಷವೂ ಇಲ್ಲ, ಕುಣಿತವೂ ಇಲ್ಲ. ಹಾಗೆಯೇ ನೀವು ಅಥವಾ ಚೆನ್ನಾಗಿ ಓದಬಲ್ಲ ವಿದ್ಯಾರ್ಥಿ ಕಥೆಯನ್ನು ಎರಡೆರಡು ವಾಕ್ಯಗಳಲ್ಲಿ ಮುಂದಕ್ಕೆ ಒಯ್ಯುವುದು, ಪಾತ್ರಧಾರಿಗಳು ತಮಗೆ ತೋಚಿದ ಮಾತಿನಲ್ಲಿ ಉತ್ತರಿಸುವುದು. ಊರಿನಲ್ಲಿ ಗಮಕಿಗಳಿದ್ದರೆ ಕುಮಾರವ್ಯಾಸನ ಸಭಾಪರ್ವದ ಐದಾರು ಷಟ್ಪದಿಗಳನ್ನು ಅವರಿಂದ ವಾಚನ ಮಾಡಿಸಬಹುದು. ಕೋಣೆಯ ಗದ್ದಲ ತಾನಾಗಿ ಇಳಿಯುತ್ತದೆ.

ಪಾತ್ರವಿಲ್ಲದ ಮಕ್ಕಳೆಲ್ಲರೂ ಸಭಾಸದರು. ಅವರು ಗೋಡೆಯುದ್ದಕ್ಕೂ ಕುಳಿತು ಖಾಲಿ ಕುರ್ಚಿಯನ್ನು ನೋಡುತ್ತಿರಬೇಕು. ದುಃಶಾಸನ ಎಳೆದು ತರುವ ಭಾಗವನ್ನು ಯಾರೂ ಅಭಿನಯಿಸುವುದಿಲ್ಲ. ನಿರೂಪಕರು ಒಂದೇ ವಾಕ್ಯದಲ್ಲಿ ಹೇಳಿ, ಹತ್ತು ಎಣಿಸುವಷ್ಟು ಹೊತ್ತು ಮೌನವಾಗಿರುತ್ತಾರೆ. ಕರ್ಣ ಗದರಿದ ಕೂಡಲೇ ಗಂಟೆ ಬಾರಿಸಿ "ಫ್ರೀಜ್" ಎನ್ನಿ. ಎಲ್ಲರೂ ಇದ್ದ ಭಂಗಿಯಲ್ಲೇ ನಿಲ್ಲಲಿ. ನೀವು ಒಬ್ಬೊಬ್ಬ ಸಭಾಸದನ ಹತ್ತಿರ ಹೋಗಿ ಭುಜದ ಬಳಿ ಕೈ ಬೀಸಿದಾಗ ಅವನು ತನ್ನ ಮನಸ್ಸಿನಲ್ಲಿರುವ ಒಂದು ವಾಕ್ಯವನ್ನು ಹೇಳಬೇಕು. "ಅರಸನಿಗೆ ಎದುರಾಡಿದರೆ ನನ್ನ ಗತಿ?" "ಬೇರೆಯವರು ಹೇಳಲಿ, ಆಮೇಲೆ ನಾನು ಹೇಳುತ್ತೇನೆ." "ಅವರ ಮನೆ ವಿಷಯ, ನಮಗ್ಯಾಕೆ?" ಇಂಥ ವಾಕ್ಯಗಳನ್ನು ಕಪ್ಪು ಹಲಗೆಯ ಮೇಲೆ ಇದ್ದ ಹಾಗೆ ಬರೆದುಕೊಳ್ಳಿ. ತಿದ್ದಬೇಡಿ, ಬುದ್ಧಿ ಹೇಳಬೇಡಿ.

ಹಂತ 5: ಪ್ರಶ್ನೆಯ ಪೀಠ (ಮೂರನೆಯ ಅವಧಿ)

ಭೀಷ್ಮ, ಕರ್ಣ, ವಿಕರ್ಣ ಮತ್ತು ಹೆಸರಿಲ್ಲದ ಒಬ್ಬ ಸಭಾಸದ, ಈ ನಾಲ್ವರನ್ನು ಒಬ್ಬೊಬ್ಬರಾಗಿ ಕೂರಿಸಿ ತರಗತಿ ಪ್ರಶ್ನೆ ಕೇಳಲಿ. ದುರ್ಯೋಧನನನ್ನು ಕೂರಿಸುವ ಅಗತ್ಯವಿಲ್ಲ. ಅವನನ್ನು ಬೈದು ಮುಗಿಸಿದರೆ ಉಳಿದವರೆಲ್ಲ ನಿರಪರಾಧಿಗಳಾಗಿಬಿಡುತ್ತಾರೆ. ಕರ್ಣನಿಗೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಅವಮಾನದ ನೋವು ಏನೆಂದು ಬಲ್ಲ ನೀನು ಇಲ್ಲೇಕೆ ನಕ್ಕೆ? ಅಸ್ತ್ರಪರೀಕ್ಷೆಯ ದಿನ ಅವನ ಪರ ನಿಂತು ಅಂಗರಾಜ್ಯ ಕೊಟ್ಟವನು ದುರ್ಯೋಧನ. ಆ ಋಣವೇ ಅವನ ಬಾಯಿಂದ ಈ ಮಾತನ್ನು ಆಡಿಸಿತು. ಒಂಟಿಯಾದ ಹುಡುಗನೊಬ್ಬ ಕೆಟ್ಟ ಗುಂಪಿಗೆ ಹೇಗೆ ಸೇರುತ್ತಾನೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ವಿವರಿಸುವ ಬೇರೆ ಕಥೆ ನನಗೆ ಗೊತ್ತಿಲ್ಲ, ಇದಕ್ಕೆ ಹತ್ತು ನಿಮಿಷ ಹೆಚ್ಚು ಹೋದರೂ ಹೋಗಲಿ.

ವಿಕರ್ಣನನ್ನು ದೇವರನ್ನಾಗಿಸಬೇಡಿ. ಅವನೂ ಯುದ್ಧದಲ್ಲಿ ಅಣ್ಣನ ಪಕ್ಷದಲ್ಲೇ ನಿಂತು ಭೀಮನ ಕೈಯಲ್ಲಿ ಸತ್ತ ಎಂಬುದನ್ನು ಯಾವುದಾದರೂ ಮಗು ಎತ್ತಿ ತೋರಿಸಿಯೇ ತೋರಿಸುತ್ತದೆ. ಆಗ ಮರಳಿ ಪ್ರಶ್ನೆ ಕೇಳಿ: ಆ ದಿನ ಅವನ ಪಕ್ಕದಲ್ಲಿ ಇನ್ನೊಬ್ಬ ಎದ್ದು ನಿಂತಿದ್ದರೆ?

ಹಂತ 6: ಚೀಟಿ ಪೆಟ್ಟಿಗೆಯಿಂದ ಇಂದಿನ ಸನ್ನಿವೇಶಗಳನ್ನು ಕಟ್ಟಿ

ಮೂರನೆಯ ಅವಧಿಯ ಕೊನೆಗೆ ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಿ. "ನಮ್ಮ ಶಾಲೆಯಲ್ಲಿ ಇಂಥ ಸಭೆ ಎಲ್ಲಿ ಸೇರುತ್ತದೆ, ಏನು ನಡೆಯುತ್ತದೆ?" ಎಂಬುದಕ್ಕೆ ಹೆಸರಿಲ್ಲದೆ ಎರಡು ಸಾಲು ಬರೆಯಲಿ. ಹೇಳಲು ಏನೂ ಇಲ್ಲದವರು ತಮ್ಮ ಊರಿನ ಹೆಸರನ್ನಾದರೂ ಬರೆದು ಹಾಕಲಿ, ಇಲ್ಲದಿದ್ದರೆ ಯಾರು ಬರೆಯುತ್ತಿದ್ದಾರೆ ಎಂಬುದೇ ಸುದ್ದಿಯಾಗುತ್ತದೆ. ಪೆಟ್ಟಿಗೆಯನ್ನು ನೀವೊಬ್ಬರೇ ಮನೆಯಲ್ಲಿ ತೆರೆಯಿರಿ. ಗಂಭೀರವಾದದ್ದು ಕಂಡರೆ ಅದು ಒಂದನೆಯ ಹಂತದಲ್ಲಿ ಗೊತ್ತುಮಾಡಿಕೊಂಡ ದಾರಿಗೆ ಹೋಗಬೇಕು, ಪಾತ್ರಾಭಿನಯಕ್ಕಲ್ಲ.

ಉಳಿದ ಚೀಟಿಗಳಲ್ಲಿ ಜಾಗಗಳು ಮರುಕಳಿಸುವುದನ್ನು ಗಮನಿಸಿ: ಬಿಸಿಯೂಟದ ಸಾಲು, ಶೌಚಾಲಯದ ಹಿಂಬದಿ, ಬಸ್ಸಿನ ಹಿಂದಿನ ಸೀಟು, ಹಾಸ್ಟೆಲ್ಲಿನ ಸ್ನಾನದ ಸರದಿ, ತರಗತಿಯ ವಾಟ್ಸ್ಯಾಪ್ ಗುಂಪು. ಇವುಗಳಿಂದ ನಾಲ್ಕು ಸನ್ನಿವೇಶಗಳನ್ನು ನೀವೇ ಬರೆಯಿರಿ, ಮತ್ತು ಯಾವೊಂದು ನಿಜ ಘಟನೆಯನ್ನೂ ಗುರುತಿಸಲಾಗದ ಹಾಗೆ ವಿವರಗಳನ್ನು ಬದಲಿಸಿ. ಪ್ರತಿಯೊಂದರಲ್ಲೂ ಪೀಡಿತನ ಜಾಗಕ್ಕೆ ಶಲ್ಯ ಹೊದಿಸಿದ ಅದೇ ಕುರ್ಚಿ ಇರಲಿ.

ಹಂತ 7: ತಡೆಯುವುದರ ತಾಲೀಮು (ನಾಲ್ಕು ಮತ್ತು ಐದನೆಯ ಅವಧಿ)

ಆರು ಜನರ ಗುಂಪುಗಳನ್ನು ಮಾಡಿ. ಒಬ್ಬ ಪೀಡಕ, ಒಬ್ಬ ಕೈಯಾಳು, ಉಳಿದ ನಾಲ್ವರು ನೋಡುಗರು. ಪೀಡಕನ ಮಾತನ್ನು ನೀವೇ ಬರೆದುಕೊಡಬೇಕು. ಅದು ಎರಡೇ ವಾಕ್ಯವಾಗಿರಲಿ, ಬೈಗುಳವಿಲ್ಲದಿರಲಿ. ಬಿಸಿಯೂಟದ ಸಾಲಿನ ಸನ್ನಿವೇಶಕ್ಕೆ "ನೀನು ಹಿಂದೆ ಹೋಗು. ನಿನ್ನ ತಟ್ಟೆ ನಮ್ಮ ತಟ್ಟೆ ಪಕ್ಕ ಬೇಡ" ಎಂದಿಷ್ಟೇ ಸಾಕು. ಪೀಡಕನಿಗೆ ಮಾತು ಕಟ್ಟುವ ಸ್ವಾತಂತ್ರ್ಯ ಕೊಟ್ಟರೆ ದೃಶ್ಯ ಅವನದಾಗುತ್ತದೆ. ನಗು ಮತ್ತು ಚಪ್ಪಾಳೆಯೂ ಅವನಿಗೇ ಹೋಗುತ್ತದೆ.

ಮೊದಲ ಸುತ್ತಿನಲ್ಲಿ ಯಾರೂ ತಡೆಯುವುದಿಲ್ಲ. ದೃಶ್ಯ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಎರಡನೆಯ ಸುತ್ತಿನಲ್ಲಿ ಗಂಟೆ ಬಾರಿಸಿ ನಿಲ್ಲಿಸಿ, ಹೊರಗಿನಿಂದ ನೋಡುತ್ತಿರುವ ಯಾರಾದರೂ ಬಂದು ಒಬ್ಬ ನೋಡುಗನ ಜಾಗದಲ್ಲಿ ನಿಂತು ಬೇರೆಯದೇನಾದರೂ ಮಾಡಿ ನೋಡಲು ಹೇಳಿ. ಪ್ರೇಕ್ಷಕನೇ ಆಟದೊಳಗೆ ಬರುವ ಈ ರೀತಿಯನ್ನು ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೊ ಬೊಆಲ್ ಬೆಳೆಸಿದರು. ಅವರ ರೀತಿಯಲ್ಲಿ ಸಾಮಾನ್ಯವಾಗಿ ತುಳಿತಕ್ಕೊಳಗಾದವನ ಜಾಗಕ್ಕೇ ಬದಲಿ ಬರುತ್ತಾನೆ. ಶಾಲೆಯಲ್ಲಿ ನಾನು ಅದನ್ನು ಬದಲಿಸಿಕೊಂಡಿದ್ದೇನೆ, ಏಕೆಂದರೆ ಪೆಟ್ಟು ತಿನ್ನುವ ಮಗುವಿಗೆ "ನೀನೇ ಇನ್ನೂ ಜಾಣತನದಿಂದ ತಪ್ಪಿಸಿಕೊಳ್ಳಬೇಕಿತ್ತು" ಎಂಬ ಸಂದೇಶ ಹೋಗಬಾರದು. ಬೊಆಲ್ ಅವರಿಂದ ಎರವಲು ಪಡೆಯಬೇಕಾದ ಇನ್ನೊಂದು ಅಂಶವಿದೆ. ಯಾರಾದರೂ ನಡೆಯದ ಮಾತಿನ ಪರಿಹಾರ ತಂದರೆ, ಉದಾಹರಣೆಗೆ ಒಂದೇ ಮಾತಿಗೆ ಪೀಡಕ ಕಣ್ಣೀರಿಟ್ಟು ಕ್ಷಮೆ ಕೇಳಿದರೆ, ತರಗತಿ "ಪವಾಡ!" ಎಂದು ಕೂಗಬೇಕು. ಆಗ ದೃಶ್ಯ ಮತ್ತೆ ಮೊದಲಿನಿಂದ. ಅಕ್ಷಯ ವಸ್ತ್ರವನ್ನು ನಾವು ಏಕೆ ಬಿಟ್ಟೆವು ಎಂಬುದು ಮಕ್ಕಳಿಗೆ ತಿಳಿಯುವುದು ಇಲ್ಲಿ.

ಮಕ್ಕಳು ಪ್ರಯತ್ನಿಸಬಹುದಾದ ದಾರಿಗಳು ಸಾಮಾನ್ಯವಾಗಿ ನಾಲ್ಕು. ಗಮನವನ್ನು ಬೇರೆಡೆ ಸೆಳೆಯುವುದು ("ಏಯ್, ಪಿ.ಟಿ. ಸರ್ ನಿನ್ನ ಹುಡುಕ್ತಿದ್ರು"), ಪೀಡಿತನನ್ನು ಅಲ್ಲಿಂದ ಕರೆದೊಯ್ಯುವುದು ("ಬಾ, ನಮ್ಮ ಸಾಲಿಗೆ ಬಾ"), ದೊಡ್ಡವರನ್ನು ಕರೆತರುವುದು, ನೇರವಾಗಿ ಸಾಕು ಎನ್ನುವುದು. ನೇರವಾಗಿ ಹೇಳುವುದೇ ಶ್ರೇಷ್ಠವೆಂದು ಬಿಂಬಿಸಬೇಡಿ. ಕೈಯಲ್ಲಿ ಕಲ್ಲೋ ಚಾಕುವೋ ಇದ್ದರೆ, ಪೀಡಕರು ಬಹಳ ದೊಡ್ಡವರಾಗಿದ್ದರೆ, ಮಧ್ಯೆ ಬೀಳದೆ ಓಡಿಹೋಗಿ ದೊಡ್ಡವರಿಗೆ ತಿಳಿಸುವುದೇ ಸರಿ ಎಂಬುದನ್ನು ಎರಡು ಬಾರಿ ಹೇಳಿ. ಶಿಕ್ಷಕರಿಗೆ ತಿಳಿಸುವವನನ್ನು ಚಾಡಿಕೋರನೆನ್ನುವ ರೂಢಿ ಎಲ್ಲ ಶಾಲೆಗಳಲ್ಲೂ ಇದೆ. ಒಬ್ಬನನ್ನು ಸಿಕ್ಕಿಹಾಕಿಸಲು ಹೇಳುವುದಕ್ಕೂ ಒಬ್ಬನನ್ನು ಬಿಡಿಸಲು ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಬಿಡಿಸಿಡಿ.

ಮೂರನೆಯ ಸುತ್ತು ಈ ಇಡೀ ವಿಧಾನದ ತಿರುಳು. ಮೊದಲ ನೋಡುಗ ಮಾತನಾಡುತ್ತಾನೆ. ಕೈಯಾಳು ಅವನನ್ನು ಗದರುತ್ತಾನೆ: "ನಿಂಗ್ಯಾಕೋ ಅದೆಲ್ಲ?" ಅಲ್ಲಿಂದ ಮೂರು ಎಣಿಸುವುದರೊಳಗೆ ಎರಡನೆಯ ನೋಡುಗ ಎದ್ದು ಮೊದಲನೆಯವನ ಪಕ್ಕಕ್ಕೆ ಬಂದು ನಿಂತು ಒಂದೇ ಒಂದು ವಾಕ್ಯ ಹೇಳಬೇಕು: "ಅವನು ಹೇಳಿದ್ದು ಸರಿ." ಹೊಸ ವಾದ ಬೇಡ, ಭಾಷಣ ಬೇಡ. ಪ್ರತಿ ಮಗುವೂ ಈ ಎರಡನೆಯವನ ಜಾಗದಲ್ಲಿ ಒಮ್ಮೆಯಾದರೂ ನಿಲ್ಲಲೇಬೇಕು. ಐದನೆಯ ಅವಧಿ ಇದಕ್ಕೇ ಮೀಸಲಾಗಿರಲಿ.

9ನೇ ತರಗತಿಯೊಂದರಲ್ಲಿ ನೋಡಿದ್ದನ್ನು ಹೇಳುತ್ತೇನೆ. ಮೊದಲ ನೋಡುಗಳಾಗಿದ್ದ ಹುಡುಗಿ ಎದ್ದು ನಿಂತಳು. ಬೆಂಚಿನ ಅಂಚನ್ನು ಹಿಡಿದ ಬೆರಳುಗಳ ತುದಿ ಬಿಳಿಚಿಕೊಂಡಿದ್ದವು. "ಹಾಗೆ ಮಾಡಬೇಡಿ" ಎಂದಳು, ಗದರಿಸಿಕೊಂಡಳು, ಅರ್ಧ ಕೂತಳು. ಎರಡನೆಯವನ ಸರದಿಯ ಹುಡುಗ ಮಾತನ್ನೇ ಮರೆತ. ಆದರೆ ಕಾಲು ಮರೆಯಲಿಲ್ಲ. ಎರಡು ಹೆಜ್ಜೆ ನಡೆದು ಅವಳ ಪಕ್ಕಕ್ಕೆ ಬಂದು ಸುಮ್ಮನೆ ನಿಂತ. ಅರ್ಧ ಕೂತವಳು ಮತ್ತೆ ಎದ್ದಳು. ಮಾತು ಬಾರದ ಮಕ್ಕಳಿಗೆ ಅಂದಿನಿಂದ ನಾನು ಮೊದಲು ಕಲಿಸುವುದು ಆ ಎರಡು ಹೆಜ್ಜೆಗಳನ್ನು.

ಹಂತ 8: ಪಾತ್ರವನ್ನು ಕಳಚಿಡಿ (ಪ್ರತಿ ಅವಧಿಯ ಕೊನೆಯ ಐದು ನಿಮಿಷ)

ಗಂಟೆ ಹೊಡೆಯಿತೆಂದು ಹಾಗೆಯೇ ಬಿಟ್ಟರೆ ಪಾತ್ರ ಮಕ್ಕಳ ಮೈಮೇಲೆಯೇ ಉಳಿದು ಆಟದ ಮೈದಾನಕ್ಕೆ ಹೋಗುತ್ತದೆ. ದೃಶ್ಯದೊಳಗೆ ಪೀಡಕನಾಗಿದ್ದವನು ಎರಡನೆಯ ಶಲ್ಯವನ್ನು ಹೆಗಲ ಮೇಲೆ ಹಾಕಿಕೊಂಡಿರಬೇಕು. ಕೊನೆಯಲ್ಲಿ ಅದನ್ನು ತೆಗೆದು ಮಡಿಸಿ ಮೇಜಿನ ಮೇಲಿಟ್ಟು, ತನ್ನ ನಿಜವಾದ ಹೆಸರನ್ನು ಮತ್ತು ಇವತ್ತು ಸಂಜೆ ತಾನು ಮಾಡಲಿರುವ ಒಂದು ಕೆಲಸವನ್ನು ಹೇಳಲಿ. ಕೈಕಾಲು ಕೊಡವಿ, ನೀರು ಕುಡಿದು, ಬೆಂಚುಗಳನ್ನು ಎಲ್ಲರೂ ಸೇರಿ ಮೊದಲಿನ ಜಾಗಕ್ಕೆ ಇಡಲಿ. ಇದು ಸಣ್ಣ ವಿಷಯವಾಗಿ ಕಂಡರೂ ಬಿಡಬೇಡಿ.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಒಂದು ಮಗು ಖಾಲಿ ಕುರ್ಚಿಯತ್ತ ನೋಡಲಾಗದೆ ಪದೇ ಪದೇ ಹೊರಗೆ ಹೋಗಲು ಅನುಮತಿ ಕೇಳಿದರೆ, ನಿಮ್ಮ ಸಹೋದ್ಯೋಗಿ ಅದರ ಜೊತೆ ಹೋಗಲಿ. ಕಾರಿಡಾರಿನಲ್ಲಿ ಯಾರನ್ನಾದರೂ ಪಾತ್ರದ ಹೆಸರಿನಿಂದ ಕರೆಯುವುದು ಕೇಳಿಬಂದರೆ ಮರುದಿನದ ತಾಲೀಮನ್ನು ಕೈಬಿಟ್ಟು ಎರಡನೆಯ ನಿಯಮಕ್ಕೆ ಮರಳಿ. ಒಂದೇ ಕಡೆಯಿಂದ ನಗು ಬರುತ್ತಿದ್ದರೆ, ಅದೂ ಒಬ್ಬ ನಿರ್ದಿಷ್ಟ ವಿದ್ಯಾರ್ಥಿ ಎದ್ದಾಗ ಮಾತ್ರ ಬರುತ್ತಿದ್ದರೆ, ನೀವು ಬರೆದ ಸನ್ನಿವೇಶ ನಿಜ ಘಟನೆಗೆ ತೀರ ಹತ್ತಿರವಾಗಿದೆ ಎಂದರ್ಥ. ಅದನ್ನು ಅಲ್ಲಿಗೇ ಬಿಟ್ಟು ಬೇರೆಯದನ್ನು ಎತ್ತಿಕೊಳ್ಳಿ. ಎಲ್ಲಕ್ಕಿಂತ ಅಪಾಯದ ಸೂಚನೆಯೆಂದರೆ ಮರುದಿನ ಒಬ್ಬ ವಿದ್ಯಾರ್ಥಿ ಕಾರಣವಿಲ್ಲದೆ ಗೈರಾಗುವುದು. ಅಂದೇ ಮನೆಗೆ ಫೋನ್ ಮಾಡಿ.

ಪೀಡಕ ಮತ್ತು ಪೀಡಿತರೆಂದು ನಿಮಗೆ ಗೊತ್ತಿರುವ ಇಬ್ಬರನ್ನು ಕರೆದು ಎಲ್ಲರೆದುರು ಕೈಕುಲುಕಿಸುವ ಆಸೆಯೂ ನಿಮಗೆ ಬರಬಹುದು. ಅದನ್ನು ಮಾಡಬೇಡಿ. ಬಲವಂತದ ರಾಜಿಯ ಭಾರವೆಲ್ಲ ದುರ್ಬಲನ ಮೇಲೇ ಬೀಳುತ್ತದೆ.

ಹಂತ 9: ಆರನೆಯ ಅವಧಿ ಮತ್ತು ಅದರ ನಂತರ

ಆರನೆಯ ಅವಧಿಯಲ್ಲಿ ದ್ಯೂತಸಭೆಗೆ ಮರಳಿ. ಅದೇ ದೃಶ್ಯ, ಅದೇ ಕುರ್ಚಿ. ಕರ್ಣ ಗದರಿದ ಮೇಲೆ ಈ ಬಾರಿ ಗಂಟೆ ಬಾರಿಸಬೇಡಿ. ಸಭಾಸದರು ಏನು ಮಾಡುತ್ತಾರೋ ನೋಡಿ. ಕೆಲವು ತರಗತಿಗಳಲ್ಲಿ ಒಬ್ಬಿಬ್ಬರು ಏಳುತ್ತಾರೆ, ಕೆಲವು ಕಡೆ ಇಡೀ ಗೋಡೆಯೇ ಎದ್ದು ಬರುತ್ತದೆ, ಕೆಲವು ಕಡೆ ಯಾರೂ ಏಳುವುದಿಲ್ಲ. ಯಾರೂ ಏಳದಿದ್ದರೆ ಗದರಬೇಡಿ, ಏಳನೆಯ ಹಂತಕ್ಕೆ ಇನ್ನೂ ಎರಡು ಅವಧಿ ಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಈ ದೃಶ್ಯವನ್ನು ವಾರ್ಷಿಕೋತ್ಸವಕ್ಕಾಗಲಿ ಪ್ರತಿಭಾ ಕಾರಂಜಿಗಾಗಲಿ ಒಯ್ಯಬೇಡಿ. ಬಹುಮಾನದ ಆಸೆ ಬಂದ ದಿನವೇ ಕಿರೀಟ, ಗದೆ, ಭೀಮನ ಪ್ರತಿಜ್ಞೆ ಎಲ್ಲವೂ ಮರಳಿ ಬರುತ್ತವೆ.

ಒಂದು ತಿಂಗಳ ನಂತರ ಮತ್ತೆ ಚೀಟಿ ಪೆಟ್ಟಿಗೆಯನ್ನು ಇಡಿ. ಮೊದಲ ಬಾರಿಯ ಪ್ರಶ್ನೆಯ ಜೊತೆಗೆ ಇನ್ನೊಂದನ್ನು ಸೇರಿಸಿ: "ಈ ತಿಂಗಳಲ್ಲಿ ಯಾರಾದರೂ ಯಾರದಾದರೂ ಪಕ್ಕದಲ್ಲಿ ಬಂದು ನಿಂತದ್ದನ್ನು ನೋಡಿದ್ದೀರಾ?" ಎರಡೂ ಬಾರಿಯ ಚೀಟಿಗಳನ್ನು ಜಾಗದ ಪ್ರಕಾರ ವಿಂಗಡಿಸಿ. ಶೌಚಾಲಯದ ಹಿಂಬದಿಯೋ ಬಸ್ಸಿನ ಹಿಂದಿನ ಸೀಟೋ ಎರಡನೆಯ ಬಾರಿಯೂ ಅಷ್ಟೇ ಸಲ ಕಾಣಿಸಿಕೊಂಡಿದ್ದರೆ, ಅಲ್ಲಿ ನಾಟಕ ಮಾಡಬಹುದಾದ್ದು ಮುಗಿಯಿತು. ಆ ಹೊತ್ತಿಗೆ ಆ ಜಾಗದಲ್ಲಿ ಒಬ್ಬ ದೊಡ್ಡವರು ನಿಲ್ಲುವ ಏರ್ಪಾಡನ್ನು ಮುಖ್ಯೋಪಾಧ್ಯಾಯರ ಬಳಿ ಕೇಳಿ ಮಾಡಿಸಿಕೊಳ್ಳಿ, ಮತ್ತು ಮೊದಲ ವಾರದ ಸರದಿಯನ್ನು ನೀವೇ ತೆಗೆದುಕೊಳ್ಳಿ.